ವಾಲುವ ಬೀದಿ ಫೋಟೋ: ಯಾವ ಗೆರೆಯನ್ನು ನೇರ ಮಾಡಬೇಕು?

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ದೇವರಾಜ ಮಾರುಕಟ್ಟೆಯ ಅಂಗಡಿ ಸಾಲನ್ನು ಓರೆಯಾಗಿ ನಿಂತು ತೆಗೆದರೆ ಪ್ರತಿ ಫೋಟೋನೂ ಒಂದು ಕಡೆ ವಾಲುತ್ತಿತ್ತು. ಟೌನ್ ಹಾಲ್ ಬಳಿಯ ದೊಡ್ಡ ಗಡಿಯಾರ ಗೋಪುರವಂತೂ ಈಗಲೋ ಆಗಲೋ ಬೀಳೋ ಹಾಗೆ.

ಫೋಟೋವನ್ನು ತಾನಾಗೇ ನೇರ ಮಾಡುವ ಆಟೋ ಸ್ಟ್ರೈಟನ್ ಒತ್ತಿದರೆ ಅದು ಅಂಗಡಿ ಸೂರಿನ ಗೆರೆ ಹಿಡಿದು ಇಡೀ ಚಿತ್ರ ತಿರುಗಿಸುತ್ತಿತ್ತು. ಫುಟ್‌ಪಾತ್ ಅಂಚನ್ನು ಅಡ್ಡಕ್ಕೆ ಸರಿ ಮಾಡಿದೆ, ಕಂಬಗಳು ವಾಲಿದವು. ಟ್ರೈಪಾಡ್ ಕಾಲುಗಳು ಸೇರುವ ಕಡೆ ಇರುವ, ಮಟ್ಟ ತೋರಿಸುವ ಗುಳ್ಳೆಯೂ ಸಾಲದು. ಅದು ಕಾಲಿನ ಮಟ್ಟ ಹೇಳುತ್ತೆ, ಮೇಲಿರುವ ಕ್ಯಾಮೆರಾದ್ದಲ್ಲ.

ಓರೆಯಿಂದ ನೋಡಿದಾಗ ಸೂರು ದೂರ ಹೋಗುತ್ತಾ ಕೆಳಗಿಳಿಯಬೇಕು, ಫುಟ್‌ಪಾತ್ ಮೇಲೇರಬೇಕು. ಅವೆರಡನ್ನೂ ಮುಟ್ಟಲೇಬಾರದು. ಹಿಡಿಯಬೇಕಾದ್ದು ಫ್ರೇಮಿನ ನಡುವೆ ಬರುವ ಲಂಬ ಗೆರೆ: ಕಂಬ, ಬಾಗಿಲ ಚೌಕಟ್ಟು, ಗೋಡೆಯ ಮೂಲೆ, ಯಾವುದಾದರೂ ಸರಿ. ಅಂಚಿನ ಕಂಬವನ್ನು ನಂಬಬೇಡಿ. ಕ್ಯಾಮೆರಾದ ಮುಖ ಸ್ವಲ್ಪ ಮೇಲೆತ್ತಿದರೂ ಅದು ಒಳಕ್ಕೆ ವಾಲುತ್ತೆ.

1927ರ ಈ ಗಡಿಯಾರ ಗೋಪುರ 75 ಅಡಿ ಎತ್ತರ. ಹತ್ತಿರ ನಿಂತರೆ ಕ್ಯಾಮೆರಾ ಎತ್ತಲೇಬೇಕು, ಹಾಗಾಗಿ ಆದಷ್ಟು ಹಿಂದೆ ಸರಿದೆ. ಕ್ಯಾಮೆರಾ ಉದ್ದಕ್ಕೆ ಹಿಡಿದು, ಪರದೆಯಲ್ಲಿ ಮಟ್ಟ ತೋರಿಸುವ ಲೆವೆಲ್ ಗೆರೆ ಎರಡೂ ದಿಕ್ಕಿನಲ್ಲಿ ಹಸಿರಾಗೋವರೆಗೆ ಕಾದೆ. ಕೆಳಗೆ ರಸ್ತೆ ಜಾಸ್ತಿ ಬರುತ್ತೆ, ಬರಲಿ, ಆಮೇಲೆ ಕತ್ತರಿಸಿದರಾಯ್ತು.

ಕ್ಯಾಮೆರಾ ಎತ್ತಿ ತೆಗೆದ ಹಳೇ ಫೋಟೋಗಳಿಗೆ ಫೋಟೋ ತಿದ್ದುವ ಆ್ಯಪ್ ಲೈಟ್‌ರೂಮ್‌ನಲ್ಲಿ ಕ್ರಮ ಹೀಗಿರಲಿ. ಮೊದಲು ಲೆನ್ಸಿನಿಂದಾದ ಬಾಗು ತಿದ್ದುವ ಲೆನ್ಸ್ ಪ್ರೊಫೈಲ್ ಆನ್. ಆಮೇಲೆ ಟ್ರಾನ್ಸ್‌ಫಾರ್ಮ್‌ನಲ್ಲಿ ಗೈಡೆಡ್, ಅಂದರೆ ನಾವೇ ಗೆರೆ ಎಳೆದು ನೇರ ಮಾಡೋದು. ಗೋಪುರದ ಎಡ, ಬಲ ಅಂಚಿನ ಮೇಲೆ ಒಂದೊಂದು ಗೆರೆ, ಅಡ್ಡ ಗೆರೆ ಎಳೆಯಲೇಬೇಡಿ. ಪೂರ್ತಿ ನೇರವಾದರೆ ತಲೆ ಭಾರವಾದಂತೆ ಕಾಣುತ್ತೆ, ಅಲ್ವಾ? ಅದಕ್ಕೆ ಅಲ್ಲೇ ಇರುವ ವರ್ಟಿಕಲ್ ಸ್ಲೈಡರ್‌ಗೆ +5 ಕೊಟ್ಟು, ಒಳವಾಲು ಸ್ವಲ್ಪ ಉಳಿಸಿದೆ. ಕ್ರಾಪ್ ಕೊನೆಗೆ.