ಒಂದೇ ಹುಲ್ಲು, ಎರಡು ಬಣ್ಣದ ಗೆರೆ

ಗೋಲ್ ಕೀಪರ್ ಹುಡುಗ ಚೆಂಡನ್ನು ಎದೆಗವಚಿಕೊಂಡು ಎದ್ದು ನಿಂತ. ರೆಫರಿ ಸೀಟಿ ಊದಿದರು. ಹುಡುಗನಿಗೆ ಯಾಕೆಂದೇ ತಿಳಿಯಲಿಲ್ಲ. ಕಾಲ ಬಳಿ ನೋಡಿಕೊಂಡ: ಬಿಳಿ ಗೆರೆ ಇನ್ನೂ ಮುಂದಿದೆ, ತಾನು ಒಳಗೇ ಇದ್ದೇನೆ. ಆದರೆ ಅದು ಕೆನಡಿಯನ್ ಫುಟ್‌ಬಾಲ್‌ನವರ 20 ಗಜದ ಗೆರೆ. ಕೀಪರ್ ಚೆಂಡನ್ನು ಕೈಯಲ್ಲಿ ಹಿಡಿಯಬಹುದಾದ ನಮ್ಮ ಪೆನಾಲ್ಟಿ ಬಾಕ್ಸಿನ ಗೆರೆ 18 ಗಜಕ್ಕೆ, ಅವನ ಬೆನ್ನ ಹಿಂದೆ ಇತ್ತು. ಫ್ರೀ ಕಿಕ್ ಕೊಟ್ಟರು, ಗೋಲಾಯಿತು, ಒಂದು-ಸೊನ್ನೆಯಲ್ಲಿ ಸೋತೆವು. ಎರಡೂ ಗೆರೆ ಎಳೆದವನು ನಾನು. ಎರಡನ್ನೂ ಬಿಳಿಯಲ್ಲೇ ಎಳೆದಿದ್ದೆ.

ಟೊರೊಂಟೊದಿಂದ ಒಂದು ಗಂಟೆ ದೂರದ ಊರು ನಮ್ಮದು. ಊರಿಗೆ ಇರುವುದು ಮೆಟ್ಟಿಲುಗಳಿರುವ ಒಂದೇ ಒಂದು ಒಳ್ಳೆಯ ಮೈದಾನ. ಬೇಸಿಗೆಯಿಂದ ಚಳಿ ಹಿಡಿಯುವವರೆಗೆ ನಮ್ಮ ಸಾಕರ್ ಕ್ಲಬ್ಬೂ ಹುಡುಗರ ಕೆನಡಿಯನ್ ಫುಟ್‌ಬಾಲ್ ತಂಡವೂ ಅದನ್ನು ಹಂಚಿಕೊಳ್ಳಬೇಕು. ಮಗಳನ್ನು ಕ್ಲಬ್ಬಿಗೆ ಸೇರಿಸಿದಾಗ ತಂದೆ-ತಾಯಿಯರಲ್ಲಿ ಒಬ್ಬರು ಏನಾದರೂ ಸೇವೆ ಮಾಡಬೇಕು ಅಂತ ಪಟ್ಟಿ ಕೊಟ್ಟರು. ಕಿತ್ತಳೆ ಹಣ್ಣು ಹೆಚ್ಚಿ ತರುವುದು, ಬ್ಯಾನರ್ ಕಟ್ಟುವುದು ಎಲ್ಲಕ್ಕೂ ಹೆಸರು ಬಿದ್ದಿತ್ತು. ಗೆರೆ ಹಾಕುವ ಕೆಲಸದ ಮುಂದೆ ಮಾತ್ರ ಖಾಲಿ. ಚಿಕ್ಕಂದಿನಲ್ಲಿ ದಾವಣಗೆರೆಯ ನಮ್ಮ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರ ಹಿಂದೆ ಸುಣ್ಣದ ಪುಡಿಯ ಬುಟ್ಟಿ ಹಿಡಿದು ಕಬಡ್ಡಿ ಅಂಕಣಕ್ಕೆ ಗೆರೆ ಹಾಕಿದ ಧೈರ್ಯ ನನಗೆ. ಬರೆದುಕೊಳ್ಳಿ ಅಂದೆ.

ಹೆಸರಿನ ಗೊಂದಲ ಮೊದಲೇ ಹೇಳಿಬಿಡುತ್ತೇನೆ. ನಾವು ಫುಟ್‌ಬಾಲ್ ಅನ್ನುವುದು ಇಲ್ಲಿ ಸಾಕರ್. ಇಲ್ಲಿಯವರು ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅದರಲ್ಲೂ ಕೆನಡಾದ್ದು ಅಮೆರಿಕದ್ದಕ್ಕಿಂತ ಬೇರೆ. ತಂಡಕ್ಕೆ 12 ಜನ, 10 ಗಜ ಮುಂದೆ ಹೋಗಲು ಮೂರೇ ಅವಕಾಶ, ಮೈದಾನ ಇನ್ನೂ ದೊಡ್ಡದು. ಒಂದು ಗೋಲ್ ಗೆರೆಯಿಂದ ಇನ್ನೊಂದಕ್ಕೆ 110 ಗಜ, ಅಂದರೆ ಐದು ಕ್ರಿಕೆಟ್ ಪಿಚ್ ಸಾಲಾಗಿ ಇಟ್ಟಷ್ಟು. ಅದರಾಚೆ ಎರಡೂ ತುದಿಗೆ 20 ಗಜದ ಎಂಡ್ ಝೋನ್, ಅಂದರೆ ಚೆಂಡು ಹಿಡಿದು ಹೊಕ್ಕರೆ ಅಂಕ ಸಿಗುವ ಪಟ್ಟಿ. ಅಗಲ 65 ಗಜ. ನಮ್ಮ ಸಾಕರ್ ಮೈದಾನ 110 ಗಜ ಉದ್ದ, 70 ಗಜ ಅಗಲ. ಉದ್ದದಲ್ಲಿ ಅವರು ನಮ್ಮನ್ನು ದಾಟಿ ಹೋಗುತ್ತಾರೆ, ಅಗಲದಲ್ಲಿ ನಮ್ಮೊಳಗೇ ಕೂರುತ್ತಾರೆ. ತಗಾದೆಯೆಲ್ಲ ಈ ಲೆಕ್ಕದಲ್ಲೇ ಹುಟ್ಟುವುದು.

ಅವರಿಗೆ ಐದೈದು ಗಜಕ್ಕೊಂದು ಅಡ್ಡಗೆರೆ ಬೇಕು. ಗೋಲ್ ಗೆರೆಗಳೂ ಸೇರಿ 23. ಒಂದೊಂದೂ 65 ಗಜ. ಸುತ್ತಲಿನ ಗೆರೆ ಕೂಡಿದರೆ ಸುಮಾರು 1,760 ಮೀಟರ್. ಅಂಕಿಗಳು, ನಡುವಿನ ಚಿಕ್ಕ ಗುರುತುಗಳು ಬೇರೆ. ಸಾಕರ್‌ಗೆ ಎಲ್ಲ ಸೇರಿ 700 ಮೀಟರ್ ಆಸುಪಾಸು. ಅವರದು ಮೈದಾನವಲ್ಲ, ಪಟ್ಟೆ ಸೀರೆ ಅಂತ ನಾನು ರೇಗಿಸುತ್ತಿದ್ದೆ. ಆ ಮೊದಲ ವರ್ಷ ಬಣ್ಣದ ಡಬ್ಬಿ ತಲೆಕೆಳಗಾಗಿ ಸಿಕ್ಕಿಸುವ ತಳ್ಳುಗಾಡಿಯನ್ನು ನೂಕಿ ನೂಕಿ ಶನಿವಾರ ಸಂಜೆ ಹೊತ್ತಿಗೆ ಸೊಂಟ ಹಿಡಿದುಹೋಗುತ್ತಿತ್ತು.

ಗೆರೆಯ ಅರ್ಥವೂ ಎರಡು ಆಟಕ್ಕೆ ಎರಡು. ಸಾಕರ್‌ನಲ್ಲಿ ಗೆರೆ ಮೈದಾನದ್ದೇ ಭಾಗ; ಚೆಂಡು ಪೂರ್ತಿ ದಾಟಿದರೆ ಮಾತ್ರ ಹೊರಗೆ. ಕೆನಡಿಯನ್ ಫುಟ್‌ಬಾಲ್‌ನಲ್ಲಿ ಬದಿಯ ಗೆರೆಗೆ ಚೆಂಡು ಹಿಡಿದವನ ಕಾಲು ತಾಗಿದರೂ ಅವನು ಹೊರಗೆ. ಹಾಗಾಗಿ ಅಳತೆ ತೆಗೆಯುವಾಗ ಸಾಕರ್‌ಗೆ ಗೆರೆಯ ಹೊರ ಅಂಚಿನಿಂದ, ಅವರಿಗೆ ಒಳ ಅಂಚಿನಿಂದ. ಈ ನಾಲ್ಕು ಅಂಗುಲದ ವ್ಯತ್ಯಾಸ ನನಗೆ ಗೊತ್ತಾಗಿದ್ದು ಎರಡನೇ ವರ್ಷ. ಅಷ್ಟರವರೆಗೆ ಅವರ ಅಂಕಣ ಎರಡೂ ಕಡೆ ನಾಲ್ಕು ನಾಲ್ಕು ಅಂಗುಲ ಕಿರಿದಾಗಿತ್ತು. ಯಾರೂ ಗಮನಿಸಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಮೂಲೆ ಕೂಡಿಸುವುದನ್ನು ಕಲಿಸಿದ್ದು ಅಪ್ಪ. ಊರಲ್ಲಿ ಗಾರೆ ಮೇಸ್ತ್ರಿಯಾಗಿ ಮೂವತ್ತು ವರ್ಷ ಪಾಯಕ್ಕೆ ಗುರುತು ಹಾಕಿದವರು. ನಾನು ಕಣ್ಣಂದಾಜಿನಲ್ಲಿ ಎಳೆದ ಮೈದಾನದ ಫೋಟೊ ವಾಟ್ಸಾಪಿನಲ್ಲಿ ಕಳಿಸಿದರೆ ಎರಡು ನಿಮಿಷದಲ್ಲಿ ವಿಡಿಯೊ ಕಾಲ್ ಬಂತು.

“ಏನಲೇ ತಮ್ಮಾ, ಮೂಲೆಮಟ್ಟ ಹಿಡದೀಯೇನು? ಆ ಕಡೆ ಮೂಲೆ ಬಾಯಿ ಬಿಟ್ಟೈತಲ್ಲೋ.”

“ಅಪ್ಪಾ, ಇಷ್ಟು ದೊಡ್ಡ ಜಾಗಕ್ಕೆ ಮೂಲೆಮಟ್ಟ ಎಲ್ಲಿ ತರ್ಲಿ?”

“ಹಗ್ಗ ಐತಿಲ್ಲೋ? ಒಂದು ಕಡೆ ಮೂವತ್ತು ಅಡಿ, ಇನ್ನೊಂದು ಕಡೆ ನಲವತ್ತು. ತುದಿಯಿಂದ ತುದಿಗೆ ಐವತ್ತು ಬಂದ್ರೆ ಮೂಲೆ ಕೂಡಿತು. ಬರ್ಲಿಲ್ಲ ಅಂದ್ರೆ ಬಿಚ್ಚಿ ಮತ್ತೆ ಕಟ್ಟು.”

ಬಿಚ್ಚಿ ಮತ್ತೆ ಕಟ್ಟಿದೆ. ಆ ವರ್ಷದಿಂದ ನಾಲ್ಕೂ ಮೂಲೆಯಲ್ಲಿ, ಹುಲ್ಲಿನ ಮಟ್ಟದಿಂದ ಒಂದು ಗೇಣು ಕೆಳಗೆ, ಉದ್ದನೆಯ ಕಬ್ಬಿಣದ ಮೊಳೆ ಹೂತಿದ್ದೇನೆ. ಹಿಮ ಕರಗಿದ ಮೇಲೆ ಅವನ್ನು ಲೋಹ ಪತ್ತೆ ಮಾಡುವ ಯಂತ್ರ ಹಿಡಿದು ಹುಡುಕುತ್ತೇನೆ. ನೋಡಿದವರಿಗೆ ನಿಧಿ ಹುಡುಕುವವನ ಹಾಗೆ ಕಾಣುತ್ತೇನಂತೆ.

ಆ ಗೋಲ್ ಕೀಪರ್ ಪ್ರಸಂಗದ ಮರುದಿನವೇ ಫುಟ್‌ಬಾಲ್ ಕೋಚ್ ಹತ್ತಿರ ಹೋಗಿ ಗೆರೆಗಳ ಬಣ್ಣ ಬೇರೆ ಮಾಡೋಣ ಅಂದೆ. ಅವರು ಒಪ್ಪಿದರು, ಆದರೆ ಬಿಳಿ ತಮಗೇ ಬೇಕು ಅಂದರು. ನನಗೂ ಬಿಳಿಯೇ ಬೇಕಿತ್ತು. ಬಿಳಿಯ ಮೇಲೆ ಇಬ್ಬರಿಗೂ ಯಾಕಷ್ಟು ಮೋಹವೋ, ಎರಡು ವಾರ ಜಗ್ಗಾಡಿದೆವು. ಕೊನೆಗೆ ಮಾತು ಬಗೆಹರಿದದ್ದು ನಿಯಮದಿಂದಲ್ಲ, ಖರ್ಚಿನಿಂದ. ಹಳದಿ ಡಬ್ಬಿಗೆ ಬೆಲೆ ಸ್ವಲ್ಪ ಹೆಚ್ಚು. ಕಡಿಮೆ ಗೆರೆ ಇರುವವರು ಹಳದಿ ತಗೊಳ್ಳಲಿ ಅಂತಾಯಿತು. ಹಾಗಾಗಿ ನಮ್ಮ ಸಾಕರ್ ಹಳದಿಯಲ್ಲಿದೆ. ಮೋಡ ಕವಿದ ಸಂಜೆ ಒಣಗಿದ ಹುಲ್ಲಿನ ಮೇಲೆ ಹಳದಿ ಸರಿಯಾಗಿ ಕಾಣುವುದಿಲ್ಲ. ಸೋತ ತಂಡದವರು ಅದನ್ನೇ ನೆಪ ಮಾಡುತ್ತಾರೆ.

ಇನ್ನೊಂದು ಅನುಕೂಲ ಕೆನಡಾದ ಆಟದ ಹಳೆಯ ಚಾಳಿಯಿಂದ ಸಿಕ್ಕಿತು. ಅಮೆರಿಕದ ಆಟದಲ್ಲಿ ಗೋಲ್ ಕಂಬಗಳು ಎಂಡ್ ಝೋನಿನ ಹಿಂದಿನ ಗೆರೆಯಲ್ಲಿರುತ್ತವೆ. ಕೆನಡಾದಲ್ಲಿ ಗೋಲ್ ಗೆರೆಯ ಮೇಲೇ. ನಮ್ಮಲ್ಲಿ ಎರಡೂ ಆಟದ ಗೋಲ್ ಗೆರೆ ಒಂದೇ ಜಾಗಕ್ಕೆ ಬೀಳುವುದರಿಂದ ಒಂದೇ ಚೌಕಟ್ಟಿನಲ್ಲಿ ಎರಡೂ ಕೂತಿದೆ. ಕೆಳಗೆ ಎಂಟು ಅಡಿ ಎತ್ತರಕ್ಕೆ ಸಾಕರ್ ಗೋಲು, ಅದರ ಮೇಲೆ ಹತ್ತು ಅಡಿಗೆ ಅವರ ಅಡ್ಡಪಟ್ಟಿ, ಅಲ್ಲಿಂದ ಆಕಾಶಕ್ಕೆ ಎರಡು ಕಂಬ. ಮೇಲೆ ಅವರಿಗೆ, ಕೆಳಗೆ ನಮಗೆ, ಬಾಡಿಗೆ ಮನೆಯ ಮಹಡಿಯ ಹಾಗೆ.

ದೊಡ್ಡವರ ಮೈದಾನದಲ್ಲಿ ಇಷ್ಟು ಸುಲಭವಿಲ್ಲ. ಟೊರೊಂಟೊದ ಬಿಎಂಒ ಫೀಲ್ಡ್ 2007ರಲ್ಲಿ ಸಾಕರ್‌ಗೆ ಅಂತಲೇ ತೆರೆದದ್ದು. ಒಂಟಾರಿಯೊ ಸರೋವರದ ದಂಡೆಯಲ್ಲಿ, ಎಕ್ಸಿಬಿಷನ್ ಪ್ಲೇಸ್‌ನಲ್ಲಿದೆ. ಮೊದಲು ಕೃತಕ ಹುಲ್ಲಿತ್ತು; 2010ರಲ್ಲಿ ನಿಜ ಹುಲ್ಲು ಬಂತು, ಅದರ ಕೆಳಗೆ ಮಣ್ಣು ಬೆಚ್ಚಗಿಡುವ ಕೊಳವೆ ಬಂತು. 2016ರಲ್ಲಿ ಆರ್ಗೊನಾಟ್ಸ್ ಫುಟ್‌ಬಾಲ್ ತಂಡ ರೋಜರ್ಸ್ ಸೆಂಟರ್ ಬಿಟ್ಟು ಅಲ್ಲಿಗೆ ಬಂದಾಗ ಅಲ್ಲಿ ಆಡುತ್ತಿದ್ದ ಸಾಕರ್ ತಂಡ ಟೊರೊಂಟೊ ಎಫ್‌ಸಿಯ ಅಭಿಮಾನಿಗಳಲ್ಲಿ ಬಹಳ ಜನಕ್ಕೆ ಅದು ಬೇಡವಾಗಿತ್ತು. ಜಾಗ ಸಾಲದೆ ಎಂಡ್ ಝೋನನ್ನು 20ರಿಂದ 18 ಗಜಕ್ಕೆ ಇಳಿಸಿ, ಹುಲ್ಲು ಮುಗಿದ ಕಡೆ ಕೃತಕ ಹಾಸು ಹಾಕಿದರು. ಸಾಕರ್ ಮೈದಾನ ಅಲ್ಲಿ ಸುಮಾರು 115 ಗಜ ಉದ್ದ. ಲೆಕ್ಕ ಹಾಕಿ ನೋಡಿ: 110 ಗಜ ಅಂತರದ ಫುಟ್‌ಬಾಲ್ ಕಂಬಗಳನ್ನು ಅದರ ನಡುವೆ ನೆಟ್ಟರೆ ಸಾಕರ್ ಗೋಲಿನಿಂದ ಎರಡೂವರೆ ಗಜ ಒಳಗೆ, ಗೋಲ್ ಕೀಪರ್ ನಿಲ್ಲುವ ಜಾಗದಲ್ಲೇ ಬರುತ್ತವೆ. ಪ್ರತಿ ಸಲ ಕೀಳಬೇಕು, ಮುಚ್ಚಬೇಕು, ಕಾಲಿಗೆ ಗೊತ್ತಾಗದ ಹಾಗೆ ಹುಲ್ಲು ಕೂರಿಸಬೇಕು.

ಆ ವರ್ಷದ ನವೆಂಬರನ್ನು ನಾನು ಮರೆಯುವುದಿಲ್ಲ. 22ರಂದು ಮಾಂಟ್ರಿಯಲ್‌ನ ಒಲಿಂಪಿಕ್ ಸ್ಟೇಡಿಯಂನಲ್ಲಿ ಟೊರೊಂಟೊ ಎಫ್‌ಸಿಗೂ ಮಾಂಟ್ರಿಯಲ್ ಇಂಪ್ಯಾಕ್ಟ್‌ಗೂ ಅಮೆರಿಕ-ಕೆನಡಾದ ಸಾಕರ್ ಲೀಗ್ ಎಂಎಲ್‌ಎಸ್‌ನ ಸೆಮಿಫೈನಲ್‌ನಂಥ ಪಂದ್ಯದ ಮೊದಲ ಸುತ್ತು; ಎರಡು ಸುತ್ತಿನ ಗೋಲು ಕೂಡಿಸಿ ಗೆದ್ದವರು ಯಾರೆಂದು ತೀರ್ಮಾನ. ಆಟಗಾರರು ಸಿದ್ಧ, ಜನ ತುಂಬಿದ್ದಾರೆ, ಆಟ ಮಾತ್ರ ಶುರುವಾಗುತ್ತಿಲ್ಲ. ಪೆನಾಲ್ಟಿ ಬಾಕ್ಸ್ ಅಳತೆಗಿಂತ ಕಿರಿದಾಗಿ ಎಳೆದುಬಿಟ್ಟಿದ್ದರು! 44 ಗಜ ಇರಬೇಕಾದದ್ದು ಇರಲಿಲ್ಲ. ಅಳೆದು, ಅಳಿಸಿ, ಮತ್ತೆ ಎಳೆಯುವಷ್ಟರಲ್ಲಿ ಸುಮಾರು ನಲವತ್ತು ನಿಮಿಷ ಹೋಯಿತು. ನಮ್ಮ ಮನೆಯಲ್ಲಿ ಟಿವಿ ಮುಂದೆ ಕೂತ ಗೆಳೆಯರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಮೊಣಕಾಲೂರಿ ಟೇಪ್ ಹಿಡಿದಿದ್ದ ಆ ಕೆಲಸಗಾರರ ಬೆನ್ನನ್ನೇ ನೋಡುತ್ತಿದ್ದೆ.

ಐದು ದಿನಕ್ಕೆ, 27ರ ಭಾನುವಾರ, ಬಿಎಂಒ ಫೀಲ್ಡ್‌ನಲ್ಲಿ ಕೆನಡಿಯನ್ ಫುಟ್‌ಬಾಲಿನ ಗ್ರೇ ಕಪ್ ಫೈನಲ್. ಒಟ್ಟಾವಾ ಹೆಚ್ಚುವರಿ ಅವಧಿಯಲ್ಲಿ ಕ್ಯಾಲ್ಗರಿಯನ್ನು 39–33ರಿಂದ ಸೋಲಿಸಿತು. ಅದೇ ಹುಲ್ಲಿನ ಮೇಲೆ 30ರ ಬುಧವಾರ ಸಾಕರ್‌ನ ಎರಡನೇ ಸುತ್ತು. ನಡುವೆ ಇದ್ದದ್ದು ಸೋಮವಾರ, ಮಂಗಳವಾರ. ಎರಡು ಸಾವಿರ ಗಜದಷ್ಟು ಗೆರೆ ತೊಳೆದು ತೆಗೆದು, ಕಂಬ ಕಿತ್ತು, ಹೊಸ ಗೆರೆ ಎಳೆಯಬೇಕು. ನಾನು ಟಿಕೆಟ್ ತಗೊಂಡು ಹೋಗಿದ್ದೆ. ಟೊರೊಂಟೊ 5–2ರಿಂದ ಗೆದ್ದಿತು, ಎರಡೂ ಸುತ್ತು ಸೇರಿ 7–5. ಪಕ್ಕದಲ್ಲಿದ್ದ ಮಂಡ್ಯದ ಹುಡುಗ ಕೊನೆಗೆ ಬೇಸತ್ತು, “ಅಣ್ಣಾ, ನೀವು ಮ್ಯಾಚ್ ನೋಡಕ್ಕೆ ಬಂದಿದೀರಾ, ಹುಲ್ಲು ನೋಡಕ್ಕೆ ಬಂದಿದೀರಾ?” ಅಂದ. ಅಳಿಸಿದ ಗೆರೆಯ ನೆರಳು ಎಲ್ಲಾದರೂ ಕಾಣುತ್ತದಾ ಅಂತ ಹುಡುಕುತ್ತಿದ್ದೆ. ಒಂದೆರಡು ಕಡೆ ಬಣ್ಣ ಬೇರೆ ಅನ್ನಿಸಿತು. ಅದು ನನ್ನ ಕಣ್ಣಿನ ಚಟವೂ ಇರಬಹುದು. ಡಿಸೆಂಬರ್ 10ರ ಫೈನಲ್ಲೂ ಅಲ್ಲೇ. ಗೋಲಿಲ್ಲದೆ ಮುಗಿದು ಪೆನಾಲ್ಟಿಯಲ್ಲಿ ಸಿಯಾಟಲ್ ಗೆದ್ದಿತು.

ಮೈದಾನ ಹಾಳಾಯಿತು ಅಂತ ಅಭಿಮಾನಿಗಳು ಆಗಾಗ ಆರ್ಗೊನಾಟ್ಸ್ ಮೇಲೆ ಗೂಬೆ ಕೂರಿಸುತ್ತಾರೆ. ಗೆರೆ ಹಾಕುವವನಾಗಿ ನನಗೆ ಅದು ಅರ್ಧ ಸರಿ ಅನ್ನಿಸುತ್ತದೆ. ಫುಟ್‌ಬಾಲಿನ ದಪ್ಪನೆಯವರು ಎದುರುಬದುರು ತಳ್ಳಾಡುವುದು ನಡುಭಾಗದಲ್ಲೇ. ಅಲ್ಲಿ ಹುಲ್ಲು ಬೇರುಸಮೇತ ಏಳುತ್ತದೆ. ಸಾಕರ್ ಮಾಡುವ ಹಾನಿ ಗೋಲಿನ ಮುಂದೆ, ಮತ್ತೆ ಲೈನ್ಸ್‌ಮನ್ ಹಿಂದೆ ಮುಂದೆ ಓಡುವ ಬದಿಯಲ್ಲಿ. ಎರಡೂ ಗಾಯ ಜುಲೈನಲ್ಲಿ ಮಾಯುತ್ತವೆ. ಕೆಂಟಕಿ ಬ್ಲೂಗ್ರಾಸ್ ಅನ್ನುವ ಹುಲ್ಲು ಮಣ್ಣಿನೊಳಗೆ ಬೇರುಕಾಂಡ ಚಾಚಿ ಬೋಳು ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ಅಕ್ಟೋಬರ್ ಕಳೆದು ಚಳಿ ಬಿದ್ದ ಮೇಲೆ ಅದು ಬೆಳೆಯುವುದನ್ನೇ ನಿಲ್ಲಿಸುತ್ತದೆ. ಆಮೇಲೆ ಯಾರು ಆಡಿದರೂ ಕಿತ್ತುಬಂದದ್ದು ಕಿತ್ತುಬಂದ ಹಾಗೇ. ಜಗಳ ಇರಬೇಕಾದದ್ದು ಕ್ಯಾಲೆಂಡರಿನ ಜೊತೆ. ಬಿಎಂಒ ಫೀಲ್ಡ್‌ನವರು ಮುಂದೆ ನಿಜ ಹುಲ್ಲಿನ ನಡುವೆ ಕೃತಕ ಎಳೆ ಹೊಲಿದ ಹೈಬ್ರಿಡ್ ಹಾಸಿಗೆ ಹೋದರು. ಹ್ಯಾಮಿಲ್ಟನ್, ವ್ಯಾಂಕೂವರ್, ಒಟ್ಟಾವಾಗಳಲ್ಲೂ ಸಾಕರ್ ಕ್ಲಬ್ಬು ಫುಟ್‌ಬಾಲ್ ತಂಡ ಒಂದೇ ಸೂರಿನಡಿ ಇವೆ, ಆದರೆ ಅಲ್ಲೆಲ್ಲ ಮಾಮೂಲಾಗಿ ಆಡುವುದು ಕೃತಕ ಹುಲ್ಲಿನ ಮೇಲೆ. ಬೆಂಗಳೂರಿನ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಗೂ ಅಥ್ಲೀಟುಗಳಿಗೂ ನಡೆದ ಜಗ್ಗಾಟ ಓದಿದಾಗೆಲ್ಲ ನನಗೆ ಮೊದಲು ನೆನಪಾಗುವುದು ಹ್ಯಾಮರ್ ಎಸೆತದ ಗುಂಡು ಬಿದ್ದು ಹುಲ್ಲಿನಲ್ಲಿ ಆಗುವ ಗುಂಡಿ.

ನಮ್ಮಂಥ ಬಡ ಕ್ಲಬ್ಬಿಗೆ ಗೆರೆ ತೊಳೆಯುವ ಯಂತ್ರವೂ ಇಲ್ಲ, ಹೈಬ್ರಿಡ್ಡೂ ಇಲ್ಲ. ಬೇಡದ ಗೆರೆಯ ಮೇಲೆ ಹಸಿರು ಬಣ್ಣ ಬಳಿದು ನೋಡಿದೆ. ಹತ್ತಿರದಿಂದ ಚೆನ್ನಾಗಿತ್ತು, ಬಿಸಿಲು ಬಿದ್ದ ತಕ್ಷಣ ಹಳೆಯ ಪಂಚೆಗೆ ಹಾಕಿದ ತೇಪೆಯ ಹಾಗೆ ಎದ್ದು ಕಂಡಿತು. ಗೆರೆ ಗಟ್ಟಿಯಾಗಿ ಕಾಣಲಿ ಅಂತ ಎರಡೆರಡು ಸಲ ಬಳಿದ ವರ್ಷ ಅದರ ಕೆಳಗಿನ ಹುಲ್ಲು ಉಸಿರುಗಟ್ಟಿ ಸತ್ತು, ಸಣ್ಣ ಕಾಲುವೆಯಾಯಿತು, ಒಂದು ಹುಡುಗಿಯ ಪಾದ ಉಳುಕಿತು. ಈಗ ತೆಳುವಾಗಿ ಒಂದೇ ಸಲ. ವಾರಕ್ಕೆರಡು ಸಲ ಹುಲ್ಲು ಕತ್ತರಿಸಿದರೆ ಹತ್ತು ದಿನದಲ್ಲಿ ಗೆರೆ ತಾನೇ ಮಾಸುತ್ತದೆ. ಗೋಲಿನ ಮುಂದೆ ಬೋಳಾದ ಕಡೆ ರೈಗ್ರಾಸ್ ಬೀಜ ಎರಚುತ್ತೇನೆ. ಅದು ವಾರದೊಳಗೆ ಮೊಳೆಯುತ್ತದೆ. ಬ್ಲೂಗ್ರಾಸಿಗೆ ಮೂರು ವಾರ ಬೇಕು, ಅಷ್ಟು ದಿನ ಬಿಟ್ಟುಕೊಡುವವರು ಯಾರು? ಶನಿವಾರ ಬೆಳಿಗ್ಗೆ ಸಾಕರ್, ಮಧ್ಯಾಹ್ನದ ಮೇಲೆ ಫುಟ್‌ಬಾಲ್. ಈ ಸರದಿಯನ್ನು ಮಾತ್ರ ತಪ್ಪಿಸುವುದಿಲ್ಲ. ತಿರುಗುಮುರುಗಾದರೆ ಅವರು ಎಬ್ಬಿಸಿದ ಹೆಂಟೆಯ ಮೇಲೆ ನಮ್ಮ ಮಕ್ಕಳು ಓಡಬೇಕಾಗುತ್ತದೆ.

ಈಗ ಹೊಸ ತಲೆನೋವು. ಕೆನಡಿಯನ್ ಫುಟ್‌ಬಾಲ್ ಲೀಗ್ 2027ರಿಂದ ಮೈದಾನವನ್ನು 110ರಿಂದ 100 ಗಜಕ್ಕೆ, ಎಂಡ್ ಝೋನನ್ನು 15 ಗಜಕ್ಕೆ ಇಳಿಸುವುದಾಗಿ, ಗೋಲ್ ಕಂಬಗಳನ್ನು ಅಮೆರಿಕದವರ ಹಾಗೆ ಹಿಂದಿನ ಗೆರೆಗೆ ಸರಿಸುವುದಾಗಿ 2025ರಲ್ಲಿ ಸಾರಿತು. ಬಿಎಂಒ ಫೀಲ್ಡ್‌ನಂಥ ಕಡೆ ಗೆರೆ ಹಾಕುವವರಿಗೆ ಇದು ಹಬ್ಬ. ಕಂಬ ಸಾಕರ್ ಮೈದಾನದ ಹೊರಗೇ ನಿಲ್ಲುತ್ತದೆ. ನಮ್ಮ ಹುಡುಗರ ಲೀಗೂ ಅದೇ ದಾರಿ ಹಿಡಿದರೆ ನಮ್ಮ ಮಹಡಿ ಮನೆ ಒಡೆಯುತ್ತದೆ. ಮೊನ್ನೆ ಕೋಚ್ ಫೋನ್ ಮಾಡಿ, ಕಂಬ ಸರಿಸುವ ಖರ್ಚು ಅರ್ಧ ನಿಮ್ಮದು ತಾನೇ ಅಂತ ಕೇಳಿದರು. ಹಳದಿ ಡಬ್ಬಿಯ ಎಂಟು ವರ್ಷದ ಲೆಕ್ಕ ತೆಗೆದಿಟ್ಟಿರುತ್ತೇನೆ, ಬನ್ನಿ, ಕೂತು ಮಾತಾಡೋಣ ಅಂದಿದ್ದೇನೆ.