ಗುಲಾಮನ ಜೋಡಿ ಕೈಗೆ ಬಂದಾಗ

ಟೆಕ್ಸಾಸ್ ಹೋಲ್ಡೆಮ್ ಪೋಕರ್‌ನಲ್ಲಿ ನಮಗೆ ಗುಟ್ಟಾಗಿ ಹಂಚುವ ಎರಡು ಎಲೆಗಳೂ ಗುಲಾಮಗಳೇ ಆಗಿ ಬರುವುದು ಸರಾಸರಿ 221 ಆಟಕ್ಕೊಮ್ಮೆ. ಇದಕ್ಕಿಂತ ದೊಡ್ಡ ಜೋಡಿಗಳು ರಾಣಿ, ರಾಜ, ಎಕ್ಕ ಈ ಮೂರೇ ಆದರೂ ಇದನ್ನು ಕಂಡೊಡನೆ ಅನುಭವಿಗಳೂ ತಡವರಿಸುತ್ತಾರೆ. ಕಾರಣ ಫ್ಲಾಪ್, ಅಂದರೆ ಎಲ್ಲರಿಗೂ ಸೇರುವಂತೆ ಮೇಜಿನ ಮೇಲೆ ತೆರೆದಿಡುವ ಮೊದಲ ಮೂರು ಎಲೆಗಳು: ಅವುಗಳಲ್ಲಿ ಗುಲಾಮನಿಗಿಂತ ದೊಡ್ಡದು ಒಂದಾದರೂ ಇರುವ ಸಾಧ್ಯತೆ ಸುಮಾರು ಶೇ. 57, ಇನ್ನೊಂದು ಗುಲಾಮ ಬೀಳುವ ಸಾಧ್ಯತೆ ಶೇ. 12ನ್ನೂ ಮುಟ್ಟುವುದಿಲ್ಲ.

ನಿಮಗಿಂತ ಮೊದಲು ಯಾರೂ ರೇಸ್ ಮಾಡಿರದಿದ್ದರೆ (ಪಣ ಏರಿಸಿರದಿದ್ದರೆ) ಹೆಚ್ಚು ಯೋಚಿಸಬೇಕಿಲ್ಲ. ಉಳಿದ ಒಳ್ಳೆಯ ಕೈಗಳಿಗೆ (ಕೈಲಿರುವ ಎಲೆಗಳಿಗೆ) ಹಾಕುವಂತೆಯೇ ಬಿಗ್ ಬ್ಲೈಂಡ್‌ನ (ಎಲೆ ನೋಡುವ ಮೊದಲೇ ಒಬ್ಬ ಹಾಕಲೇಬೇಕಾದ ಪಣದ) ಎರಡೂವರೆಯಿಂದ ಮೂರು ಪಟ್ಟು ಹಾಕಿ. ಫ್ಲಾಪ್‌ಗೆ ಹೆದರಿ ಆರೇಳು ಪಟ್ಟು ಹಾಕುವವರಿದ್ದಾರೆ. ಹಾಗೆ ಮಾಡಿದರೆ ನಾವು ಸೋಲಿಸಬಹುದಾದ ಎಂಟು, ಒಂಬತ್ತರ ಜೋಡಿಗಳು ಫೋಲ್ಡ್ ಆಗಿ (ಆಟ ಬಿಟ್ಟು ಹೋಗಿ), ನಮ್ಮನ್ನು ಸೋಲಿಸುವ ಕೈಗಳಷ್ಟೇ ಎದುರಿಗೆ ಉಳಿಯುತ್ತವೆ. ಕೆಲಕಾಲ ನಾನೂ ಹೀಗೆ ಆಡಿ ಚಿಪ್ಸ್ (ಪಣದ ಬಿಲ್ಲೆ) ಕಳೆದುಕೊಂಡವನೇ.

ನಿಮ್ಮ ರೇಸ್‌ನ ಮೇಲೆ ಇನ್ನೊಬ್ಬರು ರೇಸ್ ಮಾಡಿದಾಗ ಮಾತ್ರ ನಿಜವಾದ ಲೆಕ್ಕ ಶುರುವಾಗುತ್ತದೆ. ಆತ ಬಹಳ ಬಿಗಿಯಾಗಿ ಆಡುವವನು, ಎಕ್ಕ-ರಾಜ ಅಥವಾ ರಾಣಿಯಿಂದ ಮೇಲಿನ ಜೋಡಿ ಇದ್ದರೆ ಮಾತ್ರ ಆಲ್-ಇನ್‌ಗೆ (ಇದ್ದ ಚಿಪ್ಸನ್ನೆಲ್ಲ ಪಣಕ್ಕಿಡಲು) ಸಿದ್ಧನಾಗುವವನು ಎಂದುಕೊಳ್ಳಿ. ಎಕ್ಕ-ರಾಜ 16 ಬಗೆಯಲ್ಲಿ ಬರಬಹುದು; ಅದರೆದುರು ನಿಮ್ಮ ಗೆಲುವಿನ ಪಾಲು ಸುಮಾರು ಶೇ. 56. ಮೂರು ದೊಡ್ಡ ಜೋಡಿಗಳು ಸೇರಿ 18 ಬಗೆ, ಅವುಗಳೆದುರು ಶೇ. 19ರ ಆಸುಪಾಸು. ಎರಡನ್ನೂ ಕೂಡಿಸಿ ನೋಡಿದರೆ ಶೇ. 36ರಷ್ಟೇ ಉಳಿಯುವುದರಿಂದ, 100 ಬಿಗ್ ಬ್ಲೈಂಡ್ ಚಿಪ್ಸ್ ಇರುವಾಗ ಅಂಥವನ ಮೇಲೆ ಎಲ್ಲವನ್ನೂ ಸುರಿಯಬಾರದು. ಕಾಲ್ ಮಾಡಿ, ಅಂದರೆ ಆತ ಹಾಕಿದಷ್ಟನ್ನೇ ಹಾಕಿ, ಫ್ಲಾಪ್ ನೋಡುವುದು ಲೇಸು. ಟೂರ್ನಮೆಂಟ್‌ನಲ್ಲಿ 15–20 ಬಿಗ್ ಬ್ಲೈಂಡ್ ಮಾತ್ರ ಉಳಿದಿದ್ದರೆ ಲೆಕ್ಕ ತಿರುಗುತ್ತದೆ. ಆಗ ಎದುರಾಳಿಗಳು ಎಷ್ಟೋ ಕೆಳಗಿನ ಕೈಗಳಿಗೂ ಆಲ್-ಇನ್ ಆಗುತ್ತಾರೆ, ನೀವೂ ಹಿಂಜರಿಯಬೇಕಿಲ್ಲ.

ಫ್ಲಾಪ್‌ನ ನಂತರದ ಆಟಕ್ಕೆ ಒಂದು ಉದಾಹರಣೆ. ನೀವು ಬಟನ್‌ನಲ್ಲಿ (ಫ್ಲಾಪ್‌ನ ನಂತರ ಎಲ್ಲರಿಗಿಂತ ಕೊನೆಗೆ ಆಡುವ ಜಾಗದಲ್ಲಿ) ಕುಳಿತು 3 ಬಿಗ್ ಬ್ಲೈಂಡ್‌ಗೆ ರೇಸ್ ಮಾಡಿದ್ದೀರಿ, ಬಿಗ್ ಬ್ಲೈಂಡ್‌ನವನೊಬ್ಬನೇ ಕಾಲ್ ಮಾಡಿದ್ದಾನೆ, ಫೋಲ್ಡ್ ಆದ ಸ್ಮಾಲ್ ಬ್ಲೈಂಡ್‌ನವನ ಅರ್ಧವೂ ಸೇರಿ ಪಾಟ್‌ನಲ್ಲಿ (ನಡುವೆ ಕೂಡಿದ ಒಟ್ಟು ಪಣದಲ್ಲಿ) ಆರೂವರೆ ಬಿಗ್ ಬ್ಲೈಂಡ್ ಇದೆ. ಬೇರೆ ಬೇರೆ ಜಾತಿಯ ರಾಜ, 7, 2 ಬಿದ್ದು ಆತ ಚೆಕ್ ಮಾಡಿದರೆ (ಏನೂ ಹಾಕದೆ ಸರದಿ ದಾಟಿಸಿದರೆ), ರಾಜನನ್ನು ಕಂಡೊಡನೆ ಸೋತೆವೆಂದುಕೊಳ್ಳಬೇಡಿ. ಆತನ ಬಳಿ ರಾಜನಿಲ್ಲದ ಕೈಗಳೇ ಹೆಚ್ಚು. 2 ಬಿಗ್ ಬ್ಲೈಂಡ್‌ನ ಸಣ್ಣ ಬೆಟ್ ಸಾಕು. ಅದಕ್ಕೆ ಕಾಲ್ ಬಂದರೆ ಟರ್ನ್‌ನಲ್ಲಿ (ಮೇಜಿನ ನಾಲ್ಕನೇ ಎಲೆ ಬಿದ್ದಾಗ) ಚೆಕ್ ಮಾಡಿ ಪಾಟ್ ಬೆಳೆಯದಂತೆ ನೋಡಿಕೊಳ್ಳಿ; ದೊಡ್ಡ ರೇಸ್ ಬಂದರೆ ಬಹುಪಾಲು ಸಲ ಕೈ ಬಿಡಿ. ಅದೇ 8, 5, 3 ಬಿದ್ದು ಅದರಲ್ಲಿ ಎರಡು ಆಟೀನ್ ಇದ್ದರೆ ಸಣ್ಣ ಬೆಟ್ ತಪ್ಪು; ಆತ ಐದು ಆಟೀನ್ ಕೂಡಿಸಲು ಕಾಯುತ್ತಿರಬಹುದು. ಕಾಣದ 47 ಎಲೆಗಳಲ್ಲಿ 12 ನಿಮಗಿಂತ ದೊಡ್ಡವು, ಅಂದರೆ ಟರ್ನ್‌ನಲ್ಲಿ ನಾಲ್ಕಕ್ಕೊಂದು ಸಲ ಅಂಥ ಎಲೆ ಬೀಳುತ್ತದೆ. ಆದ್ದರಿಂದ ಪಾಟ್‌ನ ಮೂರನೇ ಎರಡು ಭಾಗದಷ್ಟು ಹಾಕಿ, ಮುಂದಿನ ಎಲೆಯನ್ನು ಆತ ಅಗ್ಗಕ್ಕೆ ನೋಡದಂತೆ ಮಾಡಬೇಕು.

ಮೂರ್ನಾಲ್ಕು ಜನ ಒಳಗಿದ್ದು ಫ್ಲಾಪ್‌ನಲ್ಲಿ ಎಕ್ಕ ಬಿದ್ದಿದೆ, ನಿಮಗಿಂತ ಮೊದಲೇ ಒಬ್ಬ ಬೆಟ್ ಮಾಡಿ ಇನ್ನೊಬ್ಬ ಕಾಲ್ ಮಾಡಿದ್ದಾನೆ ಎಂದಾದರೆ, ಎರಡನೇ ಯೋಚನೆಯಿಲ್ಲದೆ ಫೋಲ್ಡ್ ಮಾಡಿ.