ಪಡುವಣ ನೀರಿಗೆ ಮುಖಮಾಡಿ ಮನೆ ಕಟ್ಟುವಾಗ

ಕುಂದಾಪುರದ ಪಂಚಗಂಗಾವಳಿ, ಹೊನ್ನಾವರದ ಶರಾವತಿ, ಕೋಡಿಬೆಂಗ್ರೆಯ ಅಳಿವೆ: ನಮ್ಮ ಕರಾವಳಿಯ ದಂಡೆ ಜಾಗಗಳಲ್ಲಿ ಜನ ಬಯಸುವ ನೋಟ ಹೆಚ್ಚಾಗಿ ಪಡುವಣದ್ದು. ಮಳೆ, ಉಪ್ಪುಗಾಳಿ, ಸಂಜೆ ಬಿಸಿಲು ಮೂರೂ ಬರುವುದು ಆ ಕಡೆಯಿಂದಲೇ. ಪಡುಗೋಡೆ ಪೂರ್ತಿ ಗಾಜು ಹಾಕಿಸಿದರೆ ಮಳೆಗಾಲದಲ್ಲಿ ಅದರ ಮೇಲೆ ಟಾರ್ಪಾಲು ಬೀಳುವುದು ಖಚಿತ.

ನಕ್ಷೆಗೆ ಮೊದಲು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ನೋಡಿ. 2019ರ ಅಧಿಸೂಚನೆಯಂತೆ ಗ್ರಾಮೀಣ ಭಾಗದಲ್ಲಿ ಸಮುದ್ರದ ಗರಿಷ್ಠ ಉಬ್ಬರ ರೇಖೆಯಿಂದ 200 ಮೀಟರ್ ನಿರ್ಮಾಣ ನಿಷಿದ್ಧ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿದ್ದ ಕಡೆ 50 ಮೀಟರ್. ಉಬ್ಬರವೇರುವ ಹೊಳೆಗೆ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಸಮುದ್ರ ದೂರವಿದೆ ಎಂದು ಸುಮ್ಮನಿರಬೇಡಿ. ಕಡು ಬೇಸಗೆಯಲ್ಲಿ ಹೊಳೆನೀರಿನ ಉಪ್ಪು ಸಾವಿರಕ್ಕೆ 5 ಭಾಗ ಇರುವಲ್ಲಿಯವರೆಗೂ ಈ ನಿಯಮ ಏರಿ ಬರುತ್ತದೆ. ನೋಟಕ್ಕೆ ಅಡ್ಡ ಬಂತೆಂದು ಕಾಂಡ್ಲಾ (ಮ್ಯಾಂಗ್ರೋವ್) ಕಡಿಯುವಂತಿಲ್ಲ. ಕಡಿದರೂ ನಷ್ಟ ನಿಮ್ಮದೇ, ದಂಡೆಯನ್ನು ಹಿಡಿದಿಟ್ಟಿರುವುದು ಅದರ ಬೇರು.

ಜಾಗದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರಕ್ಕೆ ಒಮ್ಮೆ, ಜುಲೈ-ಆಗಸ್ಟಿನ ನೆರೆಗೆ ಒಮ್ಮೆ ನಿಂತು ನೀರು ಮುಟ್ಟಿದಲ್ಲಿ ಗೂಟ ಹೊಡೆಯಿರಿ. ನೆರೆಯ ದಿನವೇ ದೊಡ್ಡ ಉಬ್ಬರವಿದ್ದರೆ ನೀರು ಎಲ್ಲಿಗೆ ಬರುತ್ತದೆ ಎಂಬುದನ್ನು ಅಕ್ಕಪಕ್ಕದ ಹಿರಿಯರು ಯಾವ ನಕ್ಷೆಗಿಂತಲೂ ನಿಖರವಾಗಿ ತೋರಿಸುತ್ತಾರೆ. ಅಡಿಪಾಯದ ಪಂಚಾಂಗ (ಮನೆಯ ನೆಲ ಕೂರುವ ಪೀಠ) ಆ ಗುರುತಿಗಿಂತ ಕನಿಷ್ಠ 2 ಅಡಿ ಮೇಲಿರಲಿ.

ಇನ್ನು ಸೂರ್ಯ. ನಮ್ಮ ಅಕ್ಷಾಂಶದಲ್ಲಿ ಅವನು ಡಿಸೆಂಬರಿನಲ್ಲಿ ನೇರ ಪಡುವಣದಿಂದ ಸುಮಾರು 24 ಡಿಗ್ರಿ ತೆಂಕಕ್ಕೆ, ಜೂನಿನಲ್ಲಿ ಅಷ್ಟೇ ಬಡಗಕ್ಕೆ ಸರಿದು ಮುಳುಗುತ್ತಾನೆ. ಅಂದರೆ ಹೊರಗೆ ಕೂರಲು ಹಿತವಾದ ನವೆಂಬರ್-ಫೆಬ್ರವರಿಯ ಸಂಜೆಗಳೆಲ್ಲ ನೈಋತ್ಯದ ಪಾಲು. ಏಪ್ರಿಲ್-ಮೇ ತಿಂಗಳ ಸುಡು ಸಂಜೆ ವಾಯವ್ಯದ್ದು. ಹಾಗಾಗಿ ದೊಡ್ಡ ತೆರಪನ್ನು ಪಡುವಣದಿಂದ ತುಸು ತೆಂಕಕ್ಕೆ ತಿರುಗಿಸಿ. ವಾಯವ್ಯ ಮೂಲೆಗೆ ಗಟ್ಟಿಗೋಡೆ, ಬಚ್ಚಲು, ಉಗ್ರಾಣ ಬರಲಿ. ಅದರಾಚೆ ಒಂದು ಸುರಹೊನ್ನೆ ನೆಟ್ಟರೆ ಉಪ್ಪುಗಾಳಿಯನ್ನೂ ತಡೆಯುತ್ತದೆ.

ಆದರೆ ಮುಂಗಾರು ಹೊಡೆಯುವುದೂ ಅದೇ ನೈಋತ್ಯದಿಂದ. ಅದಕ್ಕೇ ತೆರಪಿನ ಮುಂದೆ 8 ಅಡಿ ಆಳದ ಚಾವಡಿ ಬೇಕು. ನಾಲ್ಕು ಅಡಿಯ ಬಾಲ್ಕನಿ ಮಳೆಗೂ ಸಾಲದು, ಕುರ್ಚಿಗೂ ಸಾಲದು. ಸೂರು 7 ಅಡಿ ಎತ್ತರದಲ್ಲಿದ್ದರೆ ಮಾರ್ಚ್ ಕೊನೆಯ ಸಂಜೆ ನಾಲ್ಕೂವರೆಗೆ ಸೂರ್ಯ ಸುಮಾರು 31 ಡಿಗ್ರಿಯಲ್ಲಿರುತ್ತಾನೆ, ಒಳಗೋಡೆಯ ಮೇಲೆ ಬಿಸಿಲು ನೆಲದಿಂದ ಎರಡು ಅಡಿಗಿಂತ ತುಸು ಮೇಲಷ್ಟೇ ಏರುತ್ತದೆ. ಐದೂವರೆಯ ಹೊತ್ತಿಗೆ ಅವನು ಸುಮಾರು 17 ಡಿಗ್ರಿಗೆ ಇಳಿದು ಬಿಸಿಲು ಸುಮಾರು ನಾಲ್ಕೂವರೆ ಅಡಿಯವರೆಗೆ ಏರುತ್ತದೆ. ಆಗ ಯಾವ ಸೂರೂ ಕಾಯುವುದಿಲ್ಲ, ಬಿದಿರಿನ ಪರದೆ ಇಳಿಸಬೇಕು. ಅದೇ ಕೊಕ್ಕೆಗಳಿಗೆ ಮಳೆಗಾಲದಲ್ಲಿ ತೆಂಗಿನ ಮಡಲಿನ ತಟ್ಟಿ ಕಟ್ಟಬಹುದು. ಕೊಕ್ಕೆಯನ್ನು ಮೊದಲೇ ಮರದ ಅಡ್ಡಪಟ್ಟಿಗೆ ಕೂರಿಸಿಡಿ. ಮಾಡಿನ ಇಳಿಜಾರು 30 ಡಿಗ್ರಿಗಿಂತ ಕಡಿಮೆಯಾದರೆ ಗಾಳಿಗೆ ಮಳೆನೀರು ಮಂಗಳೂರು ಹೆಂಚಿನ ಅಡಿಗೆ ನುಗ್ಗುತ್ತದೆ.

ನೋಟ ಕೆಡುವುದು ಹೆಚ್ಚಾಗಿ ಕಟಕಟೆಯಿಂದ. ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿರುತ್ತದೆ. ಮೂರೂವರೆ ಅಡಿಯ ಕಟಕಟೆ ಹಾಕಿದರೆ ಆಕಾಶ ಕಾಣುತ್ತದೆ, ಹೊಳೆ ಕಾಣುವುದಿಲ್ಲ. ಚಾವಡಿ ನೆಲಮಟ್ಟಕ್ಕೆ ಹತ್ತಿರವಿದ್ದರೆ ಕಟಕಟೆ ಬಿಟ್ಟು ಒಂದೂವರೆ ಅಡಿಯ ಕಟ್ಟೆ ಸಾಕು. ಎತ್ತರದಲ್ಲಿದ್ದರೆ, ಮಕ್ಕಳಿದ್ದರೆ, ಕಟಕಟೆ ಬೇಕೇ ಬೇಕು. ಆಗ ಒಳಕೋಣೆಯ ನೆಲವನ್ನು ಚಾವಡಿಗಿಂತ ಒಂದು ಅಡಿ ಎತ್ತರಿಸಿ. ಒಳಗೆ ಕುಳಿತವರ ದೃಷ್ಟಿ ಮೇಲಿನಿಂದ ಹಾಯುತ್ತದೆ, ಎರಚಲೂ ಒಳಗೆ ಬರುವುದಿಲ್ಲ. ತೆಂಗನ್ನು ಕಡಿಯಬೇಡಿ. ಬಲಿತ ಮರದ ಕಾಂಡ ನೋಟವನ್ನು ಮುಚ್ಚುವುದಿಲ್ಲ, ಚೌಕಟ್ಟು ಹಾಕುತ್ತದೆ. ಹೆಡೆಯ ಕೆಳಗೆ ಮಾತ್ರ ಹೆಂಚಿನ ಮಾಡು ಬರದಿರಲಿ.

ಕಾಂಕ್ರೀಟಿನಲ್ಲಿ ಉಳಿತಾಯದ ಮಾತೇ ಬೇಡ. ಉಪ್ಪುಗಾಳಿ ನೇರ ತಾಗುವ ಕಡೆ ಐಎಸ್ 456ರಂತೆ (ಕಾಂಕ್ರೀಟಿನ ಭಾರತೀಯ ಮಾನಕ) ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು, ನೀರು-ಸಿಮೆಂಟ್ ಅನುಪಾತ ಹೆಚ್ಚೆಂದರೆ 0.45, ಕಬ್ಬಿಣದ ಮೇಲೆ ಕನಿಷ್ಠ 45 ಮಿ.ಮೀ. ಕಾಂಕ್ರೀಟಿನ ಕವರ್. ಸೈಟಿನ ಬಾವಿ ನೀರನ್ನು ಪರೀಕ್ಷೆಗೆ ಕೊಡಿ; ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇದ್ದರೆ ಕಲಸಲು ಬೇಡ, ಕ್ಯೂರಿಂಗಿಗೂ ಬೇಡ. ಅಳಿವೆಯ ಮರಳಿನಲ್ಲಿಯೂ ಉಪ್ಪಿರುತ್ತದೆ. ಕೆಲವೇ ವರ್ಷಗಳಲ್ಲಿ ಕಂಬ ಸೀಳಿ ತುಕ್ಕು ಹೊರಬರುವುದು ಇಂಥ ಕಾರಣಕ್ಕೆ. ಅಡಿಪಾಯ ಶಿಲೆಗಲ್ಲಿನದಾಗಲಿ, ಕೆಂಪುಕಲ್ಲು (ಮುರಕಲ್ಲು) ಅದರ ಮೇಲಿನಿಂದ ಶುರುವಾಗಲಿ. ಸದಾ ಒದ್ದೆಯಾದ ಮುರಕಲ್ಲು ತೇವವನ್ನು ಮೇಲಕ್ಕೆ ಹೀರುತ್ತದೆ. ಬಿಜಾಗರಿ, ಸ್ಕ್ರೂ ಎಲ್ಲ 316 ದರ್ಜೆಯ ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯದಿರಲಿ. ಜಾರುಬಾಗಿಲಿನ ಹಳಿಯಲ್ಲಿ ಮರಳು, ಉಪ್ಪು ಕೂತು ಗಾಲಿ ಹಿಡಿಯುತ್ತದೆ, ಮಡಚುವ ಮರದ ಬಾಗಿಲೇ ವಾಸಿ. ಮಳೆಗೆ ಉಬ್ಬಲು ಸುತ್ತ 3 ಮಿ.ಮೀ. ಸಂದು ಬಿಡಲು ಬಡಗಿಗೆ ಹೇಳಿ.

ಶೌಚಗುಂಡಿ ರಸ್ತೆ ಬದಿಗೆ, ಬಾವಿಯಿಂದ 60 ಅಡಿಯಾದರೂ ದೂರ. ನೆಲನೀರು ಏರಿದಾಗ ಖಾಲಿ ಟ್ಯಾಂಕ್ ತೇಲಿ ಪೈಪು ಮುರಿಯುವುದುಂಟು. ಮಳೆಗಾಲದಲ್ಲಿ ಅದನ್ನು ಪೂರ್ತಿ ಖಾಲಿ ಮಾಡಿಸಬೇಡಿ.